ಕಲಂ ಹದಿನಾಲ್ಕು

ಹೊಸ ಕರಾರು ನಮೂನಿ ಬಂತು ಈ ಸೋಮವಾರ,
ಏಜೆಂಟರ ಸಂಘದಿಂದ. ಒಂಬತ್ತು ಪುಟ, ಎರಡೂ ಮಗ್ಗಲಿಗೆ ಅಚ್ಚು.
ಹಳೇದು ನಾಕ ಪುಟ ಇತ್ತು. ನನಗ ಬಾಯಿಪಾಠ.
ನಿದ್ದಿಗಣ್ಣಾಗ ಎಬ್ಬಿಸಿ ಕೇಳಿದರೂ
'ಸದರಿ ಸ್ವತ್ತಿನ ಚಕ್ಕುಬಂದಿ' ಅಂತ ಹಿಡದು
'ರಾಜಿಖುಷಿಯಿಂದ ಬರೆದುಕೊಟ್ಟ ಪತ್ರ' ಮಟ ಒಂದ ಉಸರಿನಾಗ.

ಸಭಾದಾಗ ಹಾವೇರಿ ಕಡೆಯ ವಕೀಲರೊಬ್ಬರು
ಕೆಂಪು ಪೆನ್ನು ಹಿಡದು ತಿಳಿಸಿ ಹೇಳಿದರು:
'ಪೂರ್ವಕ್ಕೆ ಚನ್ನವೀರಪ್ಪನ ಮನೆ' ಇನ್ನ ನಡೆಯೂದಿಲ್ಲ,
ಚನ್ನವೀರಪ್ಪ ಸತ್ತರ ಪೂರ್ವ ಎಲ್ಲಿ ಹೋಗಬೇಕು?
ಅಳತಿ ಮೀಟರಿನಾಗ. ಇ-ಖಾತೆ ನಂಬರು ಮೊದಲ ಪುಟಕ್ಕ.
ಸಂಚಕಾರ ಬ್ಯಾಂಕಿನಿಂದ, ಕೈಯಿಂದ ಅಲ್ಲ
(ಹಿಂದಿನ ಸಾಲಿನವರು ಕೆಮ್ಮಿದರು).
ಆಮ್ಯಾಲೆ ಏಳನೇ ಕಲಮಿಗೆ ಅಡ್ಡ ಗೆರಿ ಎಳದರು:
ನಿಧಿ ನಿಕ್ಷೇಪ ಜಲ ಪಾಷಾಣ
ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ.
ಶಾಸನದ ಕಲ್ಲಿನಿಂದ ಸ್ಟಾಂಪ್ ಪೇಪರಿಗೆ
ಇಳದು ಬಂದಿದ್ದ ಎಂಟು ಭೋಗ.
"ಒಂದು ಗುಂಟೆ ಮನಿಗೆ ಯಾವ ನಿಧಿರೀ?" ಅಂದರು.
ನಕ್ಕರು ಎಲ್ಲಾರೂ. ನಾನೂ ನಕ್ಕೆ.

ಬದಲಿಗೆ ಬಂದದ್ದು ಕಲಂ ಹದಿನಾಲ್ಕು:
'ಮಾರುವವರ ತಿಳಿವಳಿಕೆಯಲ್ಲಿರುವ ದೋಷಗಳು.'
ಆರು ಖಾಲಿ ಗೆರಿ.

ಗುರುವಾರ ಬೆಟಗೇರಿಯಾಗ ಕಸ್ತೂರಿಬಾಯಿ ಬಾಕಳೆಯವರ ಮನಿ.
ಇದನ್ನ ಮಾರಿ ಹುಲಕೋಟಿ ರಸ್ತೆಕ್ಕ ನಾಕು ಪವರ್‌ಲೂಮ್ ಹಾಕೂ ಗಡಿಬಿಡಿ ಅವರಿಗೆ.
ಕೊಳ್ಳಾಂವ, ಟಾಯರ್ ಅಂಗಡಿ ಇಮಾಮಸಾಬ ಕಳಸಾಪೂರ,
ಪೆನ್ನಿನ ಟೊಪ್ಪಿಗಿ ತಗದು ಕುಂತಿದ್ದ.
"ದೋಷ ಏನರ ಅದಾವೇನ್ರಿ ಬಾಯಾರ?" ಅಂದೆ,
'ಇಲ್ಲ' ಅನ್ನೂದರ 'ಇ' ಆಗಲೇ ಬರದು.

ಬಾಯಾರು ಸುಮ್ಮನಾದರು. ಇಷ್ಟು ವರ್ಷದಾಗ
ಯಾರೂ ಕೇಳಿರಲಿಲ್ಲ ಕಾಣತೈತಿ.
"ಅಡಗಿಮನಿ ಜಂತಿಗೆ ಗೆದ್ದಲ.
ಬಡಗಲ ಗ್ವಾಡಿ ನಮ್ಮದೂ ಹೌದು, ಬಗಲಿನವರದೂ ಹೌದು,
ಅವರ ಮನಿ ಸೀನು ನಮ್ಮ ಮನಿಯಾಗ ಕೇಳತೈತಿ.
ಮಗ್ಗದ ಕುಣಿ ಮುಚ್ಚಿಸೇವಿ, ಗಟ್ಟಿ ಐತಿ,
ಆದರ ನನ್ನ ಕಾಲು ಇನ್ನೂ ಅಲ್ಲಿ ಸುತ್ತು ಹಾಕತೈತಿ, ಅದನ್ನ ಬರೀಬ್ಯಾಡ್ರಿ.
ಇನ್ನ ನಡುಮನಿ ಹಾಸಗಲ್ಲಿನ ಕೆಳಗ ಒಂದು ಹಗೇವು.
ನಮಗಿಂತ ಮೊದಲು ಕಾಳಿನ ವ್ಯಾಪಾರದವರ ಮನಿ ಇದು."

ಇಮಾಮಸಾಬ ಪೆನ್ನು ಮುಚ್ಚಿದ.

ಹಾರಿ ಹಾಕಿ ಕಲ್ಲು ಎತ್ತಿದೆವು.
ಮೊಬೈಲ್ ಟಾರ್ಚ್ ಹಚ್ಚಿ, ನೂಲಿನ ಹಗ್ಗ ಕಟ್ಟಿ ಇಳಿಬಿಟ್ಟೆ.
ಝಗಝಗ ಬೆಳಕು. ಬರೇ ಮಣ್ಣು, ಒಂದೀಟು ಜ್ವಾಳದ ಹೊಟ್ಟು.
"ಏನೂ ಇಲ್ಲಲ್ರಿ."
"ಮೊಬೈಲ್ ಉಸರಾಡತೈತೇನು?" ಅಂದರು ಬಾಯಾರು. "ತಡೀರಿ, ದೀಪ ತರತೀನಿ."

ಪಣತಿ ಇಳೀತು. ಒಂದು ಮೊಳ. ಎರಡು.
ಮೂರನೇ ಮೊಳಕ್ಕ
ಯಾರೂ ಊದಲಿಲ್ಲ, ಗಾಳಿ ಬೀಸಲಿಲ್ಲ,
ಆರಿತು.

'ಇ' ಹೊಡದು ಹಾಕಿ ಬರದೆ:
ಹಗೇವು ಒಂದು. ಆಳ ಎಂಟು ಫೂಟು.
ಕಲ್ಲು ತೆಗೆದು ಒಂದು ಹಗಲು ಬಿಡತಕ್ಕದ್ದು.
ದೀಪ ಇಳಿಯದೆ ಮನುಷ್ಯ ಇಳಿಯತಕ್ಕದ್ದಲ್ಲ.
ಇಪ್ಪತ್ತೊಂದು ವರ್ಷದ ಕರಾರಿನಾಗ
ನಾ ಸ್ವಂತ ಬರದದ್ದು ಇವು ಮೂರು ಸಾಲು.
ಇಪ್ಪತ್ತು ಸಾವಿರ ಇಳೀತು ರೇಟು,
ನನ್ನ ಕಮಿಷನ್ನಿನಾಗ ನಾಕ ನೂರು. ಇರಲಿ.

ಮುಳಗುಂದ ನಾಕಾದ ಹಂತೇಕ ಗಾಡಿ ನಿಲ್ಲಿಸಿದೆ.
ಹಳೇ ನಮೂನಿಯಾಗ ಮಾರಿಸಿದ ಮನಿ ಮುನ್ನೂರರ ಮ್ಯಾಲೆ.
ಎಲ್ಲಾದರಾಗೂ ಏಳನೇ ಕಲಂ, ಎಂಟೂ ಭೋಗ,
ಕೆಳಗ ಸಾಕ್ಷಿ ಅಂತ ನನ್ನ ಸಹಿ.
ನಿಧಿ ಅಂತ ನಾ ಬರದು ಕೊಟ್ಟದ್ದು
ಯಾರ ನಡುಮನಿಯಾಗ, ಯಾವ ತೊಟ್ಟಿಲದ ಕೆಳಗ
ಟೊಳ್ಳು ಸಪ್ಪಳ ಮಾಡತೈತೋ.

ಮನಿಗೆ ಬಂದು, ಊಟಕ್ಕ ಕುಂದರೂ ಮೊದಲ,
ಹಿಮ್ಮಡದಿಂದ ನೆಲಾ ಕುಟ್ಟಿ ಕುಟ್ಟಿ ಕೇಳಿದೆ.
"ಏನ ಕಳದೈತಿ?" ಅಂದಳು ಹೆಂಡತಿ.